ಅಪ್ಪನ ಎಡಗೈಗೊಂದು ಕಂಟ್ರೋಲರ್

ಮನೆಯಿಂದ,
ಹನ್ನೊಂದನೇ ತಾರೀಕು, ಭಾನುವಾರ ಬೆಳಿಗ್ಗೆ

ಪ್ರೀತಿಯ ಮಗಳೇ,

ಹೇಗಿದ್ದೀಯ ಕಂದಾ? ಕತ್ತು ನೋವು ಕಡಿಮೆಯಾಯಿತೇ? ದಿನವಿಡೀ ಪರದೆಗೆ ಮೂಗು ತಾಗಿಸಿಕೊಂಡು ಕೂತರೆ ಪಾಪ ಆ ಕತ್ತು ತಾನೇ ಏನು ಮಾಡೀತು? ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕು. ನಾವಿಬ್ಬರೂ ಆರಾಮಾಗಿದ್ದೇವೆ. ನಿನ್ನ ಅಮ್ಮನ ಮಂಡಿ ಮೆಟ್ಟಿಲು ಕಂಡರೆ ಮಾತ್ರ ನೋಯುತ್ತದೆ, ಅಂಗಡಿ ಬೀದಿಯಲ್ಲಿ ಎಷ್ಟು ಸುತ್ತಿದರೂ ನೋಯುವುದಿಲ್ಲ. ಇದನ್ನು ನಾನು ಬರೆದೆ ಅಂತ ಫೋನಿನಲ್ಲಿ ಬಾಯಿ ಬಿಡಬೇಡ.

ನಿನ್ನ ಪಾರ್ಸೆಲ್ ಬುಧವಾರ ಬಂತು. ನಿಮ್ಮ ಕಂಪನಿಯ ಹೊಸ ಗೇಮ್ ಕನ್ಸೋಲ್, ಜೊತೆಗೆ ಬೆರಳು ಕಳೆದುಕೊಂಡವರಿಗೆಂದು ನೀನೇ ರೂಪಿಸಿದ, ಕೈಯಲ್ಲಿ ಹಿಡಿದು ಗುಂಡಿ ಒತ್ತಿ ಆಡುವ ಮಾದರಿ ಕಂಟ್ರೋಲರ್. ಚೀಟಿಯನ್ನೂ ಓದಿದೆ. 'ಇಪ್ಪತ್ತನೇ ತಾರೀಕು ಅಚ್ಚು ಕೊರೆಯೋಕೆ ಕೊಡ್ತೀವಿ. ಅದಕ್ಕೆ ಮುಂಚೆ ನಿಜ ಹೇಳಪ್ಪಾ, ಕೈಗೆ ಕೂರುತ್ತಾ?' ಮೂವತ್ತು ವರ್ಷ ಲೋಹ ಕಡೆಯುವ ಲೇತ್ ಯಂತ್ರದ ಮುಂದೆ ನಿಂತವನಿಗೆ ಅಚ್ಚು ಅಂದರೇನು ಅಂತ ಹೇಳಿಕೊಡಬೇಕಿಲ್ಲ. ಒಮ್ಮೆ ಉಕ್ಕು ಕೊರೆದರೆ ಮುಗಿಯಿತು, ಸಾವಿರಾರು ತುಂಡೂ ಹಾಗೆಯೇ ಹೊರಬರುತ್ತವೆ. ಉತ್ತರಕ್ಕೆ ಬರುತ್ತೇನೆ, ಮೊದಲು ಇಲ್ಲಿಯ ಗಲಾಟೆ ಕೇಳು.

ಡಬ್ಬ ಬಿಚ್ಚಿದ್ದೇ ತಡ, ನಿನ್ನ ಮಾವ ಕೆಲಸ ಬಿಟ್ಟು ಓಡಿ ಬಂದ. ಎಲೆಕ್ಟ್ರಿಷಿಯನ್ ಅಲ್ಲವೇ, ಕನ್ಸೋಲಿನ ಹಿಂದಿನ ಗಾಳಿಕಿಂಡಿಗೆ ಅಂಗೈ ಒಡ್ಡಿ ಕೂತುಬಿಟ್ಟ. 'ಚಿಪ್ ಹಳೇದರ ಎರಡರಷ್ಟು ಕೆಲಸ ಮಾಡುತ್ತೆ, ಆದ್ರೂ ನೋಡಿ ಭಾವ, ಬರೀ ಉಗುರುಬೆಚ್ಚಗಿದೆ' ಅಂತ ಒಂದು ಗಂಟೆ ಭಾಷಣ. ನಿನ್ನ ಅಮ್ಮ ಬಿಡುತ್ತಾಳೆಯೇ? 'ಅಷ್ಟು ಶಕ್ತಿ ಇದ್ರೆ ಬಟ್ಟೆ ಒಗೆಯುತ್ತಾ? ಈ ಬೆಲೆಗೆ ವಾಷಿಂಗ್ ಮೆಷಿನ್ನೇ ಬರುತ್ತೆ' ಅಂದಳು. ಬಿಟ್ಟಿ ಬಂದದ್ದಕ್ಕೆ ಯಾಕೆ ಜಗಳ ಅಂದರೆ, ಕೊಳ್ಳುವವರ ಪರವಾಗಿ ಮಾತಾಡುತ್ತಿದ್ದಾಳಂತೆ. ಬೇರೆ ಕಂಪನಿಯದು ಅಗ್ಗ, ಆದರೆ ಅದರಲ್ಲಿ ಮೆಮೊರಿ ಅರ್ಧ ಅಂತ ಮಾವ. ಅರ್ಧ ಸಾಕು, ಪೂರ್ತಿ ಇಟ್ಟುಕೊಂಡು ನೀನೇನು ನೆನಪಿಟ್ಟುಕೊಂಡಿದ್ದೀಯ ಅಂತ ನಿನ್ನ ಅಮ್ಮ. ಅಕ್ಕನ ಹುಟ್ಟುಹಬ್ಬ ಮರೆತಿದ್ದ ಮಾವ ಮತ್ತೆ ಗಾಳಿಕಿಂಡಿಗೇ ಅಂಗೈ ಒಡ್ಡಿದ.

ಮರುದಿನ ನಿನ್ನದನ್ನೂ ಮಾಮೂಲಿಯದನ್ನೂ, ಎರಡೂ ಕಂಟ್ರೋಲರ್‌ಗಳನ್ನು ವರ್ಕ್‌ಶಾಪಿಗೆ ಒಯ್ದೆ. ನಮ್ಮ ವೆಲ್ಡರ್ ಗೊತ್ತಲ್ಲ, ಮಾತಾಡಿದರೆ ತಗಡಿನ ಛಾವಣಿ ನಡುಗುತ್ತದೆ ಅಂತ ಎಲ್ಲರೂ ಗುಡುಗಣ್ಣ ಅನ್ನುತ್ತಾರೆ. 'ಯಂತ್ರ ಏನೇ ಇರ್ಲಿ, ಕೈಗೆ ಸಿಗೋದು ಇದೊಂದೇ. ಹಿಡಿ ಜಾರುತ್ತಪ್ಪ' ಅಂದ. ನನಗೆ ಎಲ್ಲಿತ್ತೋ ಕೋಪ! ಮಧ್ಯಾಹ್ನದವರೆಗೂ ಅವನ ಮುಖ ನೋಡಲಿಲ್ಲ. ಆಮೇಲೆ ಬೆವರಿದ ಕೈಯಲ್ಲಿ ಹಿಡಿದು ನೋಡಿದೆ, ಕನ್ಸೋಲಿನ ಜೊತೆ ಬರುವ ಮಾಮೂಲಿ ಕಂಟ್ರೋಲರ್ ಜಾರುತ್ತದೆ. ಅದನ್ನು ಬರೆದುಕೋ.

ನಿನ್ನ ಮಾದರಿಯನ್ನು ಕೈಯಲ್ಲಿ ಹಿಡಿದಾಗ ನೀನು ಆರನೇ ಕ್ಲಾಸಿನಲ್ಲಿದ್ದ ವರ್ಷ ನೆನಪಾಯಿತು. ಎಡಗೈಯ ಎರಡು ಬೆರಳು ಯಂತ್ರಕ್ಕೆ ಹೋಗಿ, ನಾನು ಗೋಡೆ ನೋಡಿಕೊಂಡು ಕೂರುತ್ತಿದ್ದ ದಿನಗಳು. ನೀನು ಯಾರದೋ ಹಳೇ ಕನ್ಸೋಲ್ ತಂದು ಪಕ್ಕದಲ್ಲಿ ಕೂತೆ. 'ಎಡಗಡೆ ನಾನು ಒತ್ತೀನಿ, ಬಲಗಡೆ ನೀನು ಒತ್ತು' ಅಂದೆ. ಒಂದು ಕಂಟ್ರೋಲರಿಗೆ ಇಬ್ಬರು ಡ್ರೈವರ್! ಆಟದ ಕಾರು ನೆಟ್ಟಗೆ ಹೋಗಿ ಗೋಡೆಗೆ ಗುದ್ದಿತು, ನಾನು ನಕ್ಕೆ. ಆಸ್ಪತ್ರೆಯಿಂದ ಬಂದ ಮೇಲೆ ನಕ್ಕಿದ್ದು ಅದೇ ಮೊದಲು. ಮುಂದಿನ ವಾರ ಮತ್ತೆ ಲೇತ್ ಮುಂದೆ ಹೋಗಿ ನಿಂತೆನಲ್ಲ, ಅದು ಡಾಕ್ಟರ ಔಷಧಿಯಿಂದಲ್ಲ, ನಿನ್ನಿಂದ. ಇಷ್ಟು ವರ್ಷ ಇದನ್ನು ಹೇಳಲು ನಾಲಿಗೆ ಏಳಲಿಲ್ಲ. ನೀನು ನನ್ನ ಮಗಳಾಗಿ ಹುಟ್ಟಿದ್ದು ನನ್ನ ಪುಣ್ಯ ಕಂದಾ.

ಇನ್ನು ನಿನ್ನ ಪ್ರಶ್ನೆ. ನಿನ್ನ ಕಂಟ್ರೋಲರ್ ಬಹಳ ಚೆನ್ನಾಗಿದೆ. ನಿನ್ನೆ ನಾನೊಬ್ಬನೇ ಮೂರು ಸುತ್ತು ಕಾರು ಓಡಿಸಿದೆ. ಏನೂ ಬದಲಾಯಿಸಬೇಡ.

ಹೊತ್ತುಹೊತ್ತಿಗೆ ಊಟ ಮಾಡು. ನಿನ್ನ ಜೊತೆ ಕೆಲಸ ಮಾಡುವವರಿಗೆಲ್ಲ ನನ್ನ ನಮಸ್ಕಾರ ಹೇಳು. ನೀನು ಮಾಡಿದ ವಸ್ತು ನೂರಾರು ಮನೆಗಳಲ್ಲಿ ನಗು ತರಲಿ, ನಿನ್ನ ಮನಸ್ಸು ಸದಾ ತಂಪಾಗಿರಲಿ.

ನಿನ್ನ
ಅಪ್ಪ

ತಾ.ಕ.: ನಿನಗೆ ಕಳಿಸುವ ಈ ಡಬ್ಬ ಮುಚ್ಚುವ ಮೊದಲು ಅಮ್ಮ ಕಾಗದ ಓದಿದಳು. 'ಮಗಳು ನಿಜ ಕೇಳಿದ್ದಾಳೆ, ನೀವು ಹೊಗಳಿ ಕಳಿಸ್ತಿದ್ದೀರಲ್ಲ' ಅಂತ ಪೆನ್ನನ್ನು ಮತ್ತೆ ಕೈಗಿಟ್ಟಳು. ಕಂಟ್ರೋಲರ್ ಕೈಗೆ ಕೂರುತ್ತಿಲ್ಲ ಕಂದಾ. ಬ್ರೇಕಿನ ಗುಂಡಿ ಒಂಬತ್ತು ಮಿಲಿಮೀಟರ್ ಅಂಗೈ ಕಡೆಗೆ ಸರಿದಿದೆ, ಮೊಂಡು ಬೆರಳಿಗೆ ಸಿಗುವುದಿಲ್ಲ. ಮೂರು ಸುತ್ತೂ ಆ ಗುಂಡಿಯನ್ನು ಮಂಡಿಗೆ ಒತ್ತಿಯೇ ಓಡಿಸಿದ್ದು. ತಪ್ಪು ನಿನ್ನದಲ್ಲ. ಹೋದ ಸಲ ಬಂದಾಗ ಮಣ್ಣಿನ ಉಂಡೆ ಕೊಟ್ಟು 'ಸುಮ್ನೆ ಹಿಡ್ಕೋ ಅಪ್ಪಾ, ಅಳತೆ ಬೇಕು' ಅಂದೆಯಲ್ಲ, ನಾನು ಸುಮ್ಮನೆ ಹಿಡಿಯಲಿಲ್ಲ. ಆ ಮೊಂಡು ಬೆರಳುಗಳನ್ನು ನಿನ್ನೆದುರು ಚಾಚಲು ನಾಚಿಕೆಯಾಗಿ ಒಳಕ್ಕೆ ಮಡಚಿಕೊಂಡಿದ್ದೆ. ನೀನು ಆ ಸುಳ್ಳು ಅಳತೆಗೇ ಗುಂಡಿ ಇಟ್ಟೆ. ಈಗ ಹೊಸ ಉಂಡೆಯೊಂದನ್ನು ಹಿಡಿದು, ಒಣಗಿಸಿ, ಹತ್ತಿಯಲ್ಲಿ ಸುತ್ತಿ ಈ ಡಬ್ಬದೊಳಗೆ ಇಟ್ಟಿದ್ದೇನೆ. ಇದು ಇದ್ದ ಹಾಗೇ ಇರುವ ನನ್ನ ಕೈ. ನೋಡಿ ಬೇಜಾರು ಮಾಡಿಕೊಳ್ಳಬೇಡ, ಇಪ್ಪತ್ತರೊಳಗೆ ಅಳತೆ ತೆಗೆದುಕೋ.