ಎರಡು ನಿಮಿಷದ ನಿದ್ದೆ

ನನ್ನ ಮಾತಿನಮಲ್ಲಿಗೆ,

ಕ್ಷೇಮ ಎಂದು ಬರೆದರೆ ನೀನೇ ನಕ್ಕುಬಿಡುತ್ತೀಯ. ನೀನು ಹೋಗಿ ಏಳು ತಿಂಗಳಾಯಿತು. ಬಾಯ್ಲರಿನ ರಾತ್ರಿ ಪಾಳಿ ಮುಗಿಸಿ ಇವತ್ತೂ ಎಂಟಕ್ಕೆ ಬಂದೆ, ಬೀಗ ನಾನೇ ತೆಗೆದೆ. ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ. ಹಗಲು ನಿದ್ದೆಗೆ ನಾನು ಬೇಡಿದ್ದು ಇದನ್ನೇ ಅಲ್ಲವಾ? ತಗೋ, ಸಿಕ್ಕಿತು.

ಹೋದ ವಾರ ಧೈರ್ಯ ಮಾಡಿ ನಿನ್ನ ಮೇಜಿಗೆ ಹೊದಿಸಿದ್ದ ಬಟ್ಟೆ ಸರಿಸಿದೆ. ಕಣ್ಣು ಕಾಣದ ಮಕ್ಕಳಿಗೆಂದು ನೀನು ಓದಿ ರೆಕಾರ್ಡ್ ಮಾಡಿದ ಪಾಠಗಳ ಆ ಕಪ್ಪು ಹಾರ್ಡ್ ಡಿಸ್ಕ್ ಅಲ್ಲೇ ಇತ್ತು. ಶಾಲೆಗೆ ಹೋಗಿದ್ದು ಕತ್ತರಿಸಿ ತಿದ್ದಿದ ಪಾಠ. ನೀನು ತಡವರಿಸಿದ್ದು, ಕೆಮ್ಮಿದ್ದು, ನಕ್ಕಿದ್ದು ಇರುವುದು ಇದೊಂದರಲ್ಲೇ. ನಿನ್ನ ಕಂಪ್ಯೂಟರಿಗೆ ವೈರು ಸಿಕ್ಕಿಸಿದೆ, ಗುರ್ರೆಂದು ತಿರುಗಿತು. ಕನ್ನಡಕ ಹುಡುಕಿ ಬರುವಷ್ಟರಲ್ಲಿ ನಿಂತೇ ಹೋಗಿತ್ತು. ಮುಟ್ಟಿದರೆ ಒಂದು ಚೂರೂ ನಡುಕವಿಲ್ಲ. ಇನ್ನು ನಿನ್ನ ದನಿಯೂ ಇಲ್ಲ ಅಂದುಕೊಂಡೆ. ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ರಿಪೇರಿ ಅಂಗಡಿಗೆ ಓಡಿದೆ.

ಅಂಗಡಿಯಾಕೆಗೆ ನಿನ್ನದೇ ವಯಸ್ಸು. ಅವಳ ಕಂಪ್ಯೂಟರಿನಲ್ಲೂ ಹಾಗೇ ಆಯಿತು, ತಿರುಗಿತು, ನಿಂತಿತು. ಅವಳೇನೂ ಗಾಬರಿಯಾಗಲಿಲ್ಲ. ಒಂದು ಫೈಲು ಒತ್ತಿ, ಕೈಕಟ್ಟಿ ಸುಮ್ಮನೆ ಕೂತಳು. ಏಳೆಂಟು ಸೆಕೆಂಡ್ ಕಳೆದ ಮೇಲೆ ಡಿಸ್ಕ್ ಮತ್ತೆ ಗುರ್ರೆಂದಿತು. ಹಾಗೆ ಕೈಕಟ್ಟಿ ಕೂರುವುದನ್ನು ನಾನು ಎಲ್ಲೋ ನೋಡಿದ್ದೆ.

"ಇದು ಸತ್ತಿಲ್ಲ ಸಾರ್, ಮಲಗ್ತಿದೆ ಅಷ್ಟೇ. ಎರಡು ನಿಮಿಷ ಕೆಲಸ ಇಲ್ಲದಿದ್ರೆ ಮಲಗೋ ಹಾಗೆ ಯಾರೋ ಬೇಕಂತಲೇ ಇಟ್ಟಿದಾರೆ. ಕೆಲಸ ಮಾಡೋರು ಹೀಗೆ ಇಡಲ್ಲ. ಏಳೋ ತನಕ ಪ್ರತಿ ಸಲ ಕಾಯ್ಬೇಕಲ್ಲ," ಎಂದಳು. ದಿನಕ್ಕೆ ನೂರು ಸಲ ಮಲಗಿ ಎದ್ದೇ ಅದು ಸವೆದಿದೆಯಂತೆ.

ಯಾರಿಟ್ಟರು, ಯಾಕಿಟ್ಟರು ಎಂದು ನನಗೆ ಆಗ ಹೊಳೆಯಿತು. ನೀನು ಅದನ್ನು ತಂದ ವಾರವೇ ನಾನು ಹಾಸಿಗೆಯಿಂದ ಕೂಗಿದ್ದೆ, ಆರಿಸ್ತೀಯೋ ಇಲ್ಲ ಎತ್ತಿ ಬಿಸಾಕ್ಲೋ ಅಂತ. ಬಾಯ್ಲರ್ ಪಕ್ಕದಲ್ಲಿ ಕೂತೇ ತೂಕಡಿಸುವ ಮಹಾನುಭಾವನಿಗೆ ಅಂಗೈಯಗಲದ ಡಬ್ಬಿಯ ಸದ್ದು ತಡೆಯಲಿಲ್ಲ! ನೀನು ವಾದಕ್ಕೆ ನಿಲ್ಲಲಿಲ್ಲ. ಮಾರನೇ ದಿನದಿಂದ ಸದ್ದು ಕಡಿಮೆಯಾಯಿತು, ಯಾಕೆಂದು ನಾನು ಕೇಳಲೂ ಇಲ್ಲ. ಮುಂದಿನ ಪುಟವನ್ನು ನೀನು ಮನಸ್ಸಿನಲ್ಲಿ ಓದಿಕೊಳ್ಳುವಷ್ಟರಲ್ಲಿ ಅದು ಮಲಗುತ್ತಿತ್ತು. ನೀನು ಕೈಕಟ್ಟಿ ಕಾಯುತ್ತಿದ್ದೆ. ನೀರು ಕುಡಿಯಲು ಎದ್ದ ನಾನು ಒಮ್ಮೆ ಕೊಂಕು ತೆಗೆದಿದ್ದೆ, "ಏನು, ತಪಸ್ಸಾ?" ಅಂತ. "ಹೂಂ ರೀ, ವರ ಕೇಳ್ತಿದೀನಿ," ಅಂದಿದ್ದೆ ನೀನು. ಆರು ವರ್ಷ, ಪುಟಕ್ಕೊಂದು ಸಲ. ನೆನೆದು ಅಂಗಡಿಯಲ್ಲೇ ಅತ್ತುಬಿಟ್ಟೆ ಕಣೇ. ಆಕೆ ಪಾಪ, ಡಿಸ್ಕಿಗೇನೂ ಆಗಿಲ್ಲ ಸಾರ್ ಎಂದು ಮತ್ತೆ ಮತ್ತೆ ಹೇಳಿದಳು.

ನಿನ್ನ ದನಿಯನ್ನೆಲ್ಲ ಎರಡು ಹೊಸ ಡಿಸ್ಕಿಗೆ ಇಳಿಸಿಕೊಟ್ಟಿದ್ದಾಳೆ. ಅವುಗಳಲ್ಲಿ ತಿರುಗುವಂಥದ್ದೇ ಇಲ್ಲವಂತೆ, ಮೂಗಬಸವಗಳು. ಹಳೆಯದನ್ನು ಇಪ್ಪತ್ತು ನಿಮಿಷಕ್ಕೆ ಮಲಗೋ ಹಾಗೆ ಇಡಲಾ ಎಂದು ಕೇಳಿದಳು. ಮಲಗದ ಹಾಗೇ ಮಾಡಿಬಿಡಮ್ಮ ಎಂದೆ. ಬಿಸಿಯಾಗುತ್ತೆ, ಬಹಳ ದಿನ ಬಾಳಲ್ಲ ಎಂದು ಎಚ್ಚರಿಸಿದಳು. ಬಾಳುವಷ್ಟು ಬಾಳಲಿ.

ಈಗ ಅದು ನನ್ನ ದಿಂಬಿನ ಪಕ್ಕದ ಸ್ಟೂಲಿನ ಮೇಲೆ ಗುರುಗುಟ್ಟುತ್ತಿದೆ. ಇವತ್ತು ನಿನ್ನ ಮೊದಲನೇ ಪಾಠ ಕೇಳಿದೆ. ನಡುವೆ ಯಾರೋ ಬಾಗಿಲು ತಟ್ಟುತ್ತಾರೆ. ನೀನು ಓದು ನಿಲ್ಲಿಸಿ ಪಿಸುಗುಡುತ್ತೀಯ, "ಮೆಲ್ಲಗೆ, ಅವರು ಮಲಗಿದಾರೆ."

ಇಲ್ಲ ಕಣೇ, ಮಲಗಿಲ್ಲ. ಎಷ್ಟು ಬೇಕಾದರೂ ಸದ್ದು ಮಾಡು.

ಇರುವ ಕಡೆ ಸುಖವಾಗಿರು, ಅಲ್ಲಿ ಯಾರಿಗಾಗಿಯೂ ನೀನು ಕಾಯುವಂತಾಗದಿರಲಿ.

ಇಷ್ಟು ತಡವಾಗಿ ಎಚ್ಚರಾದ,
ನಿನ್ನ ಸಿಡುಕಪ್ಪ