ಎರಡು ಗಂಟಿನ ನೂಲು

ಕಸ್ತೂರಿ,

ನಿನ್ನ ಅಣ್ಣ ಮುಧೋಳದಲ್ಲಿ ಕೊಂಡ ಹಳೆಯ ಪಿಕಪ್ ಗಾಡಿಯನ್ನು ಮಾರುವ ಕಾಗದಕ್ಕೆ ಸಹಿ ಹಾಕಲು ಜಮಖಂಡಿಗೆ ಹೋಗುತ್ತಿದ್ದೇನೆ. ಸಂಜೆಯ ಬಸ್ಸಿಗೆ ಬರುತ್ತೇನೆ.

ಮಧ್ಯಾಹ್ನ ಹುನ್ನೂರಿನ ಬಡಿಗೇರ ಮೌನೇಶಪ್ಪನವರು ಒಳಗಿನ ಮರಗೆಲಸ ಮುಗಿಸಿ ಆ ಗಾಡಿ ತರುತ್ತಾರೆ. ನಿನ್ನ ಅಣ್ಣ ತೀರಿಕೊಂಡದ್ದು ಅವರಿಗೆ ಗೊತ್ತಿಲ್ಲ. ನಾನು ತಿಳಿಸಲಿಲ್ಲ. 'ಎಲ್ಲಿದಾರ್ರೀ ನಮ್ಮ ಊರೂರು ತಿರಗೋ ಸಾವಕಾರ್ರು?' ಎಂದು ನಗುತ್ತ ಇಳಿಯುತ್ತಾರೆ. ಮೊದಲು ರೊಟ್ಟಿ ಬಡಿಸು. ಉಂಡ ಮೇಲೆ ಹೇಳು.

ಒಳಗಿನ ಮಂಚ, ಒಲೆಯ ಕಟ್ಟೆ, ಕಿಟಕಿ ಎಲ್ಲವನ್ನೂ ಕಿತ್ತು ಕೊಡಲಿ. ಕೊಳ್ಳುವವರು ಬನಹಟ್ಟಿಯ ನೂಲಿನ ವ್ಯಾಪಾರಿ, ಅವರಿಗೆ ಬರಿಯ ಗಾಡಿ ಸಾಕು. ಊರೂರು ತಿರುಗುವಾಗ ಅದು ನಮಗಿಬ್ಬರಿಗೆ ಮನೆಯಾಗಬೇಕಿತ್ತು ಎಂದು ಅವರಿಗೆ ಹೇಳುವುದು ಬೇಡ.

ಮಂಚ ಗಿಡ್ಡವಾಗಿದೆ, ಬೇರೆ ಮಾಡಿಕೊಡುತ್ತೇನೆ ಎಂದು ಬಡಿಗೇರರು ಹೇಳಬಹುದು. ಬೇಡ ಎನ್ನು. ನಿನ್ನ ಅಣ್ಣ ಅಳತೆಯನ್ನು ನೂಲಿನಲ್ಲಿ ಕೊಟ್ಟಿದ್ದರು, ತಮ್ಮ ಉದ್ದಕ್ಕೊಂದು ಗಂಟು, ನನ್ನ ಉದ್ದಕ್ಕೊಂದು. ಬಡಿಗೇರರು ನನ್ನ ಗಂಟಿಗೇ ಹಲಗೆ ಕೊಯ್ದುಬಿಟ್ಟರು. 'ಇರಲಿ ಬಿಡು, ನಾ ಕಾಲು ಹೊರಗ ಚಾಚತೇನಿ' ಎಂದಿದ್ದರು ನಿನ್ನ ಅಣ್ಣ.

ಅತ್ತೆಯವರ ಮಾತ್ರೆ ಗೂಡಿನಲ್ಲಿದೆ. ಗಾಡಿಯ ಸದ್ದು ಕೇಳಿ ಅವರು ಎದ್ದು ಬಂದರೆ ಒಳಗೆ ಕರೆದುಕೊಂಡು ಹೋಗು.

ಆ ನೂಲು ಬಡಿಗೇರರ ಚೀಲದಲ್ಲಿರುತ್ತದೆ. ಕೇಳಿ ತೆಗೆದುಕೋ. ಗಂಟು ಕಂಡರೆ ಬಿಚ್ಚುವುದು ಮಗ್ಗದಲ್ಲಿ ಪಳಗಿದ ನಿನ್ನ ಕೈಗೆ ರೂಢಿ. ಇವೆರಡನ್ನು ಬಿಚ್ಚಬೇಡ.

ನಿನ್ನ ವೈನಿ