ಬಲಗಣ್ಣು, ಎಡಹಣೆ

ಮನೆ, ಮರಗೆಲಸದ ಮೇಜಿನಿಂದ
ಭಾನುವಾರ, ಮಾರ್ಚ್ 9

ಪ್ರೀತಿಯ ಇವಳೇ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ನಿನ್ನ ಅಕ್ಕನ ಮನೆಯ ಮೆಟ್ಟಿಲು ಬಲು ಕಡಿದು, ಗೋಡೆ ಹಿಡಿದೇ ಹತ್ತು. ಫೋನ್ ಎತ್ತುವುದಿಲ್ಲ ನೀನು, ಅದಕ್ಕೇ ಈ ಕಾಗದ. ಹರಿಯುವುದಿದ್ದರೂ ಒಮ್ಮೆ ಓದಿ ಹರಿ.

ನೀನು ಹೋಗಿ ಹನ್ನೊಂದು ತಿಂಗಳು. ತಪ್ಪು ನನ್ನದೇ. ತಲೆಯೊಳಗಿನ ಗೆಡ್ಡೆ ತೆಗೆದ ಮೇಲೆ ನನ್ನ ಬಲಗಣ್ಣಿಗೆ ಸ್ಪರ್ಶವೇ ಹೋಯಿತು, ಮರದ ಪುಡಿ ಬಿದ್ದರೂ ತಿಳಿಯದು. ಆರು ವರ್ಷ, ಪ್ರತಿ ಸಂಜೆ ನೀನು ರೆಪ್ಪೆ ಎತ್ತಿ ಟಾರ್ಚ್ ಬಿಟ್ಟು ನೋಡಿದೆ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನನ್ನ ಕಣ್ಣು ಕಾದವಳು ನೀನು. ಕೆಲಸದ ಕನ್ನಡಕವಿಲ್ಲದೆ ಗರಗಸ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟು, ನಿನ್ನ ಬೆನ್ನ ಹಿಂದೆ ಮುಟ್ಟಿದವನು ನಾನು. ಕಣ್ಣಲ್ಲಿ ಹುಣ್ಣಾದ ದಿನ ನೀನು ಕೂಗಾಡಲಿಲ್ಲ. "ಕಾವಲು ಕೂತು ಸಾಕಾಯ್ತು. ನಿಮ್ಮ ಕಣ್ಣು, ನೀವೇ ನೋಡ್ಕೊಳ್ಳಿ" ಎಂದು ಟಾರ್ಚನ್ನು ಇದೇ ಮೇಜಿನ ಮೇಲಿಟ್ಟು ಹೊರಟೆ. ಆಮೇಲೆ ನಾನೇ ಕನ್ನಡಿ ಮುಂದೆ ನಿಂತು ನೋಡಿಕೊಳ್ಳಲು ಹೋದೆ. ಟಾರ್ಚ್ ಹಿಡಿದರೆ ರೆಪ್ಪೆ ಜಾರುತ್ತದೆ, ರೆಪ್ಪೆ ಹಿಡಿದರೆ ಟಾರ್ಚ್ ಬೀಳುತ್ತದೆ. ಈ ಕೆಲಸಕ್ಕೆ ಇಬ್ಬರು ಬೇಕು ಕಣೇ.

ನೀನು ಹೋದ ಮೇಲೆ, ನಿನಗೆ ಹೇಳದೆ ಆಪರೇಷನ್ ಮಾಡಿಸಿಕೊಂಡೆ. ಕಾಲಿನಿಂದ ನರದ ತುಂಡೊಂದು ತೆಗೆದು, ಎಡಹಣೆಯ ನರಕ್ಕೆ ಜೋಡಿಸಿ, ಚರ್ಮದಡಿಯಲ್ಲೇ ಮೂಗು ದಾಟಿಸಿ ಬಲಗಣ್ಣಿಗೆ ತಂದರು. ನಮ್ಮ ಬಡಗಿ ಕೆಲಸವೇ ಅನ್ನು. ಸ್ಪರ್ಶ ಬರಲು ತಿಂಗಳುಗಟ್ಟಲೆ ಬೇಕು ಎಂದಿದ್ದರು. ಡಾಕ್ಟರಮ್ಮ ಪ್ರತಿ ಸಲ ಹತ್ತಿಯ ಎಳೆ ಕಣ್ಣಿಗೆ ತಾಗಿಸಿ ಕೇಳುವರು, ನಾನು ಇಲ್ಲ ಎನ್ನುವೆ. ಮನೆಗೆ ಬಂದರೆ "ಏನಂದ್ರು?" ಎಂದು ಕೇಳುವವರಿಲ್ಲ. ಬಾಗಿಲ ಚಿಲಕಕ್ಕೇ ವರದಿ ಒಪ್ಪಿಸಿ ಒಳಗೆ ಬರುತ್ತಿದ್ದೆ. ಮಾಡಿದ್ದುಣ್ಣೋ ಮಾರಾಯ ಎಂದು ಸುಮ್ಮನಿದ್ದರೂ, ನೀನಿಲ್ಲದ ಸಂಜೆಗಳು ತಡೆಯಲಾಗುತ್ತಿಲ್ಲ.

ಕಳೆದ ವಾರ ಪರೀಕ್ಷೆಯ ನಡುವೆ ನನಗೆ ರೇಗಿತು. "ಹಣೆ ಯಾಕೆ ಕೆರೀತೀರಿ, ಕಣ್ಣು ನೋಡಿ" ಅಂದುಬಿಟ್ಟೆ. ಡಾಕ್ಟರಮ್ಮ ನಕ್ಕರು. ಅವರು ಮುಟ್ಟಿದ್ದು ಕಣ್ಣನ್ನೇ. ನರ ಹಣೆಯದಲ್ಲವೇ, ಇನ್ನೂ ಸ್ವಲ್ಪ ದಿನ ಹಳೆಯ ವಿಳಾಸವನ್ನೇ ಹೇಳುತ್ತದಂತೆ.

ಅಕ್ಕನಿಗೆ ನಮಸ್ಕಾರ ತಿಳಿಸು. ಹುಷಾರಾಗಿರು.

ನಿನ್ನ,
ಮೊಂಡ ಬಡಗಿ

ಮರೆತೆ: ನಿನ್ನೆ ಸಂಜೆ ಕೆಲಸ ಮುಗಿಸಿ ಕನ್ನಡಕ ತೆಗೆದಾಗ (ಹಾಕಿಕೊಂಡಿದ್ದೆ, ನಿನ್ನಾಣೆ) ಎಡಹಣೆ ಚುಚ್ಚಿತು. ಒರೆಸಿದೆ, ಹೋಗಲಿಲ್ಲ. ಆಮೇಲೆ ಹೊಳೆದು ಬಲಗಣ್ಣು ತೊಳೆದುಕೊಂಡೆ, ಹೋಯಿತು. ಇನ್ನು ನನ್ನ ಕಣ್ಣಿಗೆ ಕಾವಲು ಬೇಕಿಲ್ಲ. ಕಾವಲಿಗೆ ಬರಬೇಡ, ಸುಮ್ಮನೆ ಬಾ.